ಕತ್ರಿಗುಪ್ಪೆ ಮುನಿಯಕ್ಕನ ಎಳೆಬಿಸಿಲು

ವಿಮಲಾಕ್ಷಿಗೆ ಚಿಂತೆ ಮಾಡಲು ವಿಷಯಗಳಿಗೆ ಎಂದೂ ಬರ ಇರಲಿಲ್ಲ. ಪುಟ್ಟಿ ಕುಡಿದ ಹಾಲು ಅರಗಿತೋ ಇಲ್ಲವೋ, ಸ್ಟೌವಿನ ಬತ್ತಿ ಪೂರ್ತಿ ಇಳಿಸಿದೆನೋ ಇಲ್ಲವೋ, ಬಾಟಲಿಯನ್ನು ಹತ್ತು ನಿಮಿಷ ಕುದಿಸಿದರೆ ಸಾಕೋ ಇಪ್ಪತ್ತು ಬೇಕೋ, ಇವೆಲ್ಲ ದಿನಾ ಬಂದು ದಿನಾ ಹೋಗುವ ಚಿಂತೆಗಳು. ಆದರೆ ಎಂಬತ್ತೆರಡನೇ ಇಸವಿಯ ಫೆಬ್ರವರಿಯಲ್ಲಿ ಒಂದು ಸೋಮವಾರ ಬಂದು ಕೂತ ಚಿಂತೆ ಮಾತ್ರ ಏಳುವ ಲಕ್ಷಣವೇ ಕಾಣಲಿಲ್ಲ. ಅವಳು ಅತ್ತೆಗೆ ಸುಳ್ಳು ಹೇಳಿದ್ದಳು. ಅದೂ ಫೋನಿನಲ್ಲಿ, ಮನೆ ಮಾಲೀಕರ ನಡುಮನೆಯಲ್ಲಿ ನಿಂತು, ಅವರ ಕಣ್ಣೆದುರಿಗೇ.

ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಅವರದು ಮಹಡಿ ಮೇಲಿನ ಬಾಡಿಗೆ ಮನೆ. ಫೋನು ಇದ್ದದ್ದು ಕೆಳಗೆ, ಮಾಲೀಕರಾದ ರೇವಣಸಿದ್ದಪ್ಪನವರ ಮನೆಯಲ್ಲಿ. ಅವರು ಕರೆ ಬಂದಾಗ ಕೂಗಿ ಕರೆಯುತ್ತಿದ್ದರು, ಬಂದವರು ಮಾತಾಡುವಷ್ಟು ಹೊತ್ತೂ ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಆ ಹೊತ್ತಿನಲ್ಲಿ ಅವರು ಪುಟ ತಿರುಗಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಅತ್ತೆ ನಾಗಲಕ್ಷ್ಮಮ್ಮ ತ್ಯಾಗರಾಜನಗರದಿಂದ ಫೋನು ಮಾಡಿದ್ದರು. "ಭಾನುವಾರ ನಿನ್ನ ನಾದಿನಿ ಸೀಮಂತ. ನನ್ನ ಧಾರೆ ಸೀರೆ ನಿನ್ನ ಹತ್ರ ಇದೆಯಲ್ಲ, ಶನಿವಾರ ಸೇತು ಕೈಲಿ ಕಳಿಸು. ಮಡಿಕೆ ಬದಲಾಯಿಸ್ತಾ ಇದ್ದೀಯ ತಾನೆ?"

"ಹೂಂ ಅತ್ತೆ. ಮೊನ್ನೆ ತಾನೆ ಬದಲಾಯಿಸಿದೆ."

ಮಾತು ಬಾಯಿಂದ ಜಾರಿತ್ತು. ಮೊನ್ನೆ ಇರಲಿ, ಪುಟ್ಟಿಯ ನಾಮಕರಣದ ದಿನ ಉಟ್ಟು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟ ಮೇಲೆ ಅವಳು ಆ ಸೀರೆಯ ಮುಖ ನೋಡಿರಲಿಲ್ಲ. ಅದಾಗಿ ಹನ್ನೊಂದು ತಿಂಗಳು.

ಆ ಸೀರೆ ಬರೀ ಸೀರೆಯಲ್ಲ. ನಲವತ್ತನಾಲ್ಕನೇ ಇಸವಿಯಲ್ಲಿ ನಾಗಲಕ್ಷ್ಮಮ್ಮನ ಧಾರೆಗೆ ತಂದದ್ದು. ಕೆನೆಬಣ್ಣದ ಒಡಲು, ಅರಗಿನ ಬಣ್ಣದ ಅಂಚು, ಈಗಿನ ಸೀರೆಗಳಲ್ಲಿ ಕಾಣದಂಥ ಮೆತ್ತನೆಯ ಜರಿ. ಆ ಮನೆಯ ಹೆಣ್ಣುಮಕ್ಕಳು, ಸೊಸೆಯಂದಿರು ಯಾರೇ ಆಗಲಿ, ಮೊದಲ ಬಸಿರಿಗೆ, ಮೊದಲ ಮಗುವಿನ ನಾಮಕರಣಕ್ಕೆ ಅದನ್ನೇ ಉಡಬೇಕು. ಉಟ್ಟವರು ಮುಂದಿನವಳ ಸರದಿ ಬರುವ ತನಕ ಜೋಪಾನ ಮಾಡಬೇಕು. ಮೂರು ತಿಂಗಳಿಗೊಮ್ಮೆ ತೆಗೆದು, ಗಾಳಿಗಿಟ್ಟು, ಹಳೆಯ ಗೆರೆಯ ಮೇಲೆ ಬೀಳದಂತೆ ಹೊಸದಾಗಿ ಮಡಿಸಿಡಬೇಕು. ಇಲ್ಲದಿದ್ದರೆ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ. ಇದಿಷ್ಟನ್ನೂ ನಾಗಲಕ್ಷ್ಮಮ್ಮ ಸೀರೆ ಕೊಡುವಾಗ ಎರಡು ಸಲ ಹೇಳಿದ್ದರು.

ವಿಮಲಾಕ್ಷಿ ಮಹಡಿ ಹತ್ತಿ ಪೆಟ್ಟಿಗೆ ತೆಗೆದಳು. ಮಡಿಕೆ ಸೀಳಿರಲಿಲ್ಲ. ಅಷ್ಟು ಖುಷಿಪಡುವುದರೊಳಗೆ ಕಲೆಗಳು ಕಂಡವು. ಸೆರಗಿನ ಹತ್ತಿರ, ಹೆಗಲಿಗೆ ಬರುವ ಕಡೆ, ಅಂಗೈ ಅಗಲದ ಕಂದು ಕಲೆ. ಅದು ಪುಟ್ಟಿ ಕಕ್ಕಿದ ಹಾಲು. ಒಡಲಿನಲ್ಲಿ, ಮಡಿಲಿಗೆ ಬರುವ ಕಡೆ, ಹಳದಿ ಬೆರಳಿನ ಗುರುತು. ನಾಮಕರಣದ ದಿನ ಅರಿಶಿನದ ಕೈಯಲ್ಲೇ ಮಗುವನ್ನು ಎತ್ತಿಕೊಂಡಿದ್ದಳು.

ಹಾಲಿನದು ಆಮೇಲೆ ನೋಡಿಕೊಂಡರಾಯಿತು, ಮೊದಲು ಹಳದಿ ತೆಗೆಯೋಣ ಎಂದುಕೊಂಡು ಬಚ್ಚಲಿಗೆ ಹೋಗಿ ಬಟ್ಟೆ ಸೋಪಿನ ತುಂಡನ್ನು ಒದ್ದೆ ಮಾಡಿ ಮೆಲ್ಲಗೆ ಉಜ್ಜಿದಳು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಹಳದಿ ಹೋಯಿತು. ಅದರ ಜಾಗದಲ್ಲಿ, ಈಗ ತಾನೆ ಯಾರೋ ಕೈ ಕೊಯ್ದುಕೊಂಡಂತೆ, ಕೆಂಪು ಎದ್ದಿತು.

ವಿಮಲಾಕ್ಷಿ ಮೊದಲು ತನ್ನ ಬೆರಳು ನೋಡಿಕೊಂಡಳು. ಬೆರಳಿನಲ್ಲಿ ಗಾಯವಿರಲಿಲ್ಲ. ಆಮೇಲೆ ಅಲ್ಲೇ ಬಚ್ಚಲ ಕಲ್ಲಿನ ಮೇಲೆ ಕೂತಳು.

ಸಂಜೆ ಬ್ಯಾಂಕಿನಿಂದ ಬಂದ ಗಂಡ ಸೇತುರಾಮ ಸೀರೆ ನೋಡಿ, "ಅಮ್ಮನಿಗೆ ಹೇಳಿಬಿಡು. ಏನು, ನುಂಗಿಬಿಡ್ತಾಳಾ?" ಎಂದ.

"ನಿಮ್ಮನ್ನ ನುಂಗಲ್ಲ," ಎಂದಳು ಇವಳು. "ನೀವು ಮಗ."

ಮಂಗಳವಾರ ಡ್ರೈಕ್ಲೀನಿಂಗ್ ಅಂಗಡಿಯವನು ಸೀರೆಯನ್ನು ಎರಡು ಬೆರಳಲ್ಲಿ ಎತ್ತಿ ದೀಪಕ್ಕೆ ಹಿಡಿದು ತಕ್ಷಣ ಕೆಳಗಿಟ್ಟ. "ಇದು ಸೀರೆ ಅಲ್ಲ ಮೇಡಂ, ಹಪ್ಪಳ. ಮುಟ್ಟಿದ್ರೆ ಮುರಿಯುತ್ತೆ. ನಾನು ಗ್ಯಾರಂಟಿ ಕೊಡಲ್ಲ."

ಮನೆಗೆ ಬಂದು ಕಣ್ಣೊರೆಸಿಕೊಳ್ಳುತ್ತಿದ್ದವಳನ್ನು ಪಾತ್ರೆ ತೊಳೆಯುತ್ತಿದ್ದ ಯಲ್ಲಮ್ಮ ನೋಡಿದಳು. "ಅದಕ್ಯಾಕ್ ಅಳ್ತೀರಕ್ಕಾ? ಕತ್ರಿಗುಪ್ಪೆಗೆ ಹೋಗಿ. ಅಲ್ಲಿ ಮುನಿಯಕ್ಕ ಅಂತ ಅವ್ರೆ. ಹಳೇ ರೇಷ್ಮೆ ಅಂದ್ರೆ ಅವ್ರದೇ ಕೈ. ಆದ್ರೆ ಒಂದು, ಬೆಳಿಗ್ಗೆ ಏಳಕ್ಕೇ ಹೋಗ್ಬೇಕು. ಬಿಸಿಲು ಏರಿದ್ ಮ್ಯಾಕೆ ಮುಟ್ಟಾಕಿಲ್ಲ."

ಬುಧವಾರ ಬೆಳಿಗ್ಗೆ ವಿಮಲಾಕ್ಷಿ ಒಂದು ಕಂಕುಳಲ್ಲಿ ಪುಟ್ಟಿ, ಇನ್ನೊಂದರಲ್ಲಿ ಸೀರೆಯ ಗಂಟು, ಹೆಗಲಿಗೆ ಕುದಿಸಿ ಆರಿಸಿದ ನೀರಿನ ಚೀಲ ಹೊತ್ತು ಆಟೋ ಇಳಿದಳು. ಕತ್ರಿಗುಪ್ಪೆಯಲ್ಲಿ ಆಗ ಊರೂ ಇತ್ತು, ಲೇಔಟೂ ಇತ್ತು. ಒಂದು ಕಡೆ ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಆ ಕಲ್ಲಿಗೇ ಯಾರದೋ ಎಮ್ಮೆ ಕಟ್ಟಿತ್ತು. ಹೊಂಗೆ ಮರದ ಎದುರಿಗೆ ಪೂರ್ವಕ್ಕೆ ಮುಖ ಮಾಡಿದ ಹೆಂಚಿನ ಮನೆ. ಜಗಲಿಯ ಉದ್ದಕ್ಕೂ ಒಂದು ಹಗ್ಗ, ಅದರ ತುಂಬ ದಪ್ಪ ಬಟ್ಟೆಯ ತುಂಡುಗಳು. ಒಂದೊಂದು ತುಂಡಿನ ನಡುವೆಯೂ ಒಂದೊಂದು ತೂತು. ಕೆಲವು ನಾಲ್ಕಾಣೆಯಷ್ಟು, ಕೆಲವು ಅಂಗೈಯಷ್ಟು.

ಒಳಗಿಂದ ಬಂದ ಮುನಿಯಕ್ಕನಿಗೆ ಅರವತ್ತರ ಮೇಲಾಗಿರಬೇಕು. ಎತ್ತರದ ಹೆಂಗಸು. ಬಾಯಲ್ಲಿದ್ದ ಎಲೆಅಡಿಕೆಯನ್ನು ಅಂಗಳದ ಆಚೆ ಹೋಗಿ ಉಗಿದು, ಮೂರು ಸಲ ಬಾಯಿ ಮುಕ್ಕಳಿಸಿ, ಕೈಬಳೆಗಳನ್ನು ಬಿಚ್ಚಿ ಗೂಡಿನಲ್ಲಿಟ್ಟು, ಕೈಗೆ ಅಕ್ಕಿಹಿಟ್ಟು ಸವರಿಕೊಂಡು ಉಜ್ಜಿದಳು. ಅಷ್ಟಾದ ಮೇಲೆಯೇ ಗಂಟು ಬಿಚ್ಚಿದ್ದು. ಸೀರೆಯನ್ನು ಬೆರಳಿಂದ ಮುಟ್ಟಲಿಲ್ಲ. ಬಗ್ಗಿ ಕೆನ್ನೆಗೆ ಒತ್ತಿಕೊಂಡಳು.

"ಜೀವ ಐತೆ," ಎಂದಳು. "ನನ್ ಬೆರಳು ಒರಟು, ಸುಳ್ಳು ಏಳ್ತವೆ. ಕೆನ್ನೆ ಏಳಾಕಿಲ್ಲ. ಈಗ ನೀನು ಏಳವ್ವ. ಕಲೆ ಎಂಗಾಯ್ತು?"

"ಗೊತ್ತಿಲ್ಲ ಮುನಿಯಕ್ಕ. ಪೆಟ್ಟಿಗೆ ತೆಗೆದು ನೋಡಿದಾಗ ಹೀಗೇ ಇತ್ತು."

ಮುನಿಯಕ್ಕ ಸೀರೆಯನ್ನು ಗಂಟಿನ ಮೇಲೆ ಮೆಲ್ಲಗೆ ಇಟ್ಟು ಅವಳ ಕಡೆಗೆ ಸರಿಸಿದಳು. "ಅಂಗಾದ್ರೆ ಆ ಪೆಟ್ಟಿಗೇನೇ ಕರ್ಕೊಂಬಾ. ಅದನ್ನೇ ಕೇಳಾನ."

ವಿಮಲಾಕ್ಷಿಯ ಮುಖ ಕೆಂಪಾಯಿತು.

"ಬೇಜಾರ್ ಮಾಡ್ಕಬ್ಯಾಡ. ಎಲ್ಲಾರೂ ಸುಳ್ಳೇ ಏಳಾದು," ಎಂದಳು ಮುನಿಯಕ್ಕ. "ಓದ್ ವರ್ಷ ಒಬ್ಬ ಹುಡ್ಗ ಅವರಪ್ಪನ ರೇಷ್ಮೆ ಮಡಿ ತಂದಿದ್ದ. ಏನಪ್ಪಾ ಇದು ಅಂದ್ರೆ ಒಬ್ಬಟ್ಟಿನ ಹೂರಣ ಅಂದ. ಹೂರಣಕ್ಕೆ ಬಿಸಿನೀರು ಸರಿ. ಕಾಯಿಸಿ ಒಂದು ಹನಿ ಬುಟ್ಟೆ ನೋಡು, ಘಮ್ ಅಂತು. ಹೂರಣ ಘಮ್ ಅನ್ನಾದೇ ಬ್ಯಾರೆ, ಆಮ್ಲೆಟ್ ಘಮ್ ಅನ್ನಾದೇ ಬ್ಯಾರೆ! ಮೊಟ್ಟೆ ಅಂತ ಮೊದ್ಲೇ ಅಂದಿದ್ರೆ ತಣ್ಣೀರಲ್ಲಿ ತೆಗೀತಿದ್ದೆ. ಬಿಸಿನೀರು ಬಿದ್ದು ಅಲ್ಲೇ ಬೆಂದು ಕೂತ್ಕಂತು. ನಾನೇನು ಅವರಪ್ಪನಿಗೆ ಏಳ್ತಿದ್ನಾ? ಅದಕ್ಕೇ ಕೇಳಾದು. ಕಲೆಗೆ ನಾಚಿಕೆ ಇಲ್ಲ, ನಿಮಗೇ ಇರಾದು."

ವಿಮಲಾಕ್ಷಿ ನಕ್ಕುಬಿಟ್ಟಳು. ಎರಡು ದಿನದಿಂದ ನಕ್ಕಿರಲಿಲ್ಲವಾದ್ದರಿಂದ ಆ ನಗು ಅವಳಿಗೇ ಹೊಸದಾಗಿ ಕೇಳಿಸಿತು. ಆಮೇಲೆ ಎಲ್ಲ ಹೇಳಿದಳು. ಹಾಲು, ಅರಿಶಿನ, ಹನ್ನೊಂದು ತಿಂಗಳು, ಸೋಪು, ಕೆಂಪು, ಕೊನೆಗೆ ಯಾರೂ ಕೇಳದಿದ್ದ ಫೋನಿನ ಸುಳ್ಳನ್ನೂ.

ಸೋಪಿನ ಮಾತು ಬಂದಾಗ ಮುನಿಯಕ್ಕ ತೊಡೆ ತಟ್ಟಿಕೊಂಡು ನಕ್ಕಳು. "ಅಯ್ಯೋ ನನ್ನವ್ವಾ, ಸೀರೆಗೇ ಆರತಿ ಎತ್ತಿದ್ದೀಯಲ್ಲಾ! ಆರತಿ ತಟ್ಟೆಗೆ ಅರಿಶಿನ ಕಲಸಿ ಏನ್ ಆಕ್ತೀಯ?"

"ಸುಣ್ಣ."

"ಏನಾಯ್ತದೆ?"

"ಕೆಂಪಾಗುತ್ತೆ."

"ನಿನ್ ಸೋಪು ಸುಣ್ಣದ ಅಣ್ತಮ್ಮನೇ ಕಣವ್ವ. ಎಷ್ಟ್ ಓದಿದ್ದೀಯ?"

"ಬಿ.ಎಸ್‌ಸಿ," ಎಂದಳು ವಿಮಲಾಕ್ಷಿ ಸಣ್ಣ ದನಿಯಲ್ಲಿ. ಕೆಮಿಸ್ಟ್ರಿ, ಫಸ್ಟ್ ಕ್ಲಾಸು ಎಂಬುದನ್ನು ಹೇಳಲಿಲ್ಲ. ಕ್ಷಾರಕ್ಕೆ ಬಣ್ಣ ತಿರುಗುವ ವಸ್ತುಗಳ ಬಗ್ಗೆ ಕಾಲೇಜಿನ ರೆಕಾರ್ಡು ಪುಸ್ತಕದಲ್ಲಿ ನಾಲ್ಕು ಪುಟ ಬರೆದಿದ್ದಳು. ಹಬ್ಬಕ್ಕೊಂದು ಸಲ ಕೆಂಪಾರತಿಯನ್ನೂ ಕಲಸುತ್ತಿದ್ದಳು. ಅದೂ ಇದೂ ಒಂದೇ ಎಂದು ಬಚ್ಚಲಿನಲ್ಲಿ ಹೊಳೆದಿರಲಿಲ್ಲ.

ಮುನಿಯಕ್ಕ ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ ಸೀರೆ ಹರವಿದಳು. ಅಂಚಿನ ಒಳತುದಿಯಿಂದ ಒಂದು ಎಳೆ ಬಿಡಿಸಿ, ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿದಳು. ಅರಗಿನ ಬಣ್ಣ ಬಿಡಲಿಲ್ಲ. "ಗಟ್ಟಿ ಬಣ್ಣ," ಎಂದು ಮೆಚ್ಚಿಕೊಂಡಳು. ನಿಂಬೆಹಣ್ಣಿನ ರಸಕ್ಕೆ ಹತ್ತರಷ್ಟು ನೀರು ಬೆರೆಸಿ, ಹತ್ತಿಯ ಉಂಡೆಯಲ್ಲಿ ಅದ್ದಿ, ಜರಿಗೆ ಸೋಕದಂತೆ ಕೆಂಪಿನ ಮೇಲೆ ಒತ್ತಿದಳು. ವಿಮಲಾಕ್ಷಿ ನೋಡುತ್ತಿದ್ದಂತೆಯೇ ಕೆಂಪು ಸರಿದು ಹಳದಿ ಬಂತು.

"ಹೋಯ್ತಾ!"

"ಎಲ್ಲಿ ಓಯ್ತು? ಎಲ್ಲಿಂದ ಒಂಟಿದ್ಯೋ ಅಲ್ಲಿಗೆ ವಾಪಸ್ ಬಂದಿದ್ದೀಯ. ಇನ್ನು ಮುಂದಕ್ಕೆ ನಡೀಬೇಕು."

ಆ ಜಾಗವನ್ನು ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒತ್ತೊತ್ತಿ ಹುಳಿ ತೆಗೆದಳು. ಹಗ್ಗದಿಂದ ಸರಿಯಾದ ತೂತಿನ ಬಟ್ಟೆ ಆರಿಸಿ, ಸೀರೆಯನ್ನೆಲ್ಲ ಮುಚ್ಚಿ, ತೂತಿನೊಳಗಿಂದ ಬೆರಳಿನ ಗುರುತಷ್ಟೇ ಕಾಣುವ ಹಾಗೆ ಹೊದಿಸಿದಳು. ಅಷ್ಟರಲ್ಲಿ ಹೊಂಗೆಯ ಕೊಂಬೆ ದಾಟಿ ಬಿಸಿಲು ಜಗಲಿಗೆ ಬಂತು.

"ಅರಿಶಿನಕ್ಕೆ ಎಳೆಬಿಸಿಲಿಗಿಂತ ಮದ್ದಿಲ್ಲ. ಆದ್ರೆ ಬಿಸಿಲು ರೇಷ್ಮೆನೂ ತಿಂತದೆ. ಅದಕ್ಕೇ ಬಾಗ್ಲು ಇಷ್ಟೇ ತೆಗೀಬೇಕು," ಎಂದು ತೂತನ್ನು ತೋರಿಸಿದಳು. "ಎಂಟೂವರೆಗೆ ಮುಚ್ಚಿಬುಡಾನ. ಮೂರು ದಿನ ಬರ್ಬೇಕು. ಸೀರೆ ಬುಟ್ಟು ಓಗಂಗಿಲ್ಲ, ಕೂತು ನೋಡ್ಕಬೇಕು."

ಆಮೇಲೆ ಹಾಲಿನ ಕಲೆ. ಅಂಟುವಾಳದ ಕಾಯಿಯನ್ನು ತಣ್ಣೀರಿನಲ್ಲಿ ಕಿವುಚಿ, ನೀರು ಬಿಟ್ಟು ನೊರೆ ಮಾತ್ರ ತೆಗೆದು, ಸೆರಗನ್ನು ತಿರುವಿ ಹಿಂಬದಿಯಿಂದ ಹಚ್ಚಿದಳು. ಕಲೆಯ ಅಂಚಿನಿಂದ ನಡುವಿಗೆ, ಉಜ್ಜದೆ, ಬರೀ ಒತ್ತಿ. ಕೆಳಗಿಟ್ಟ ಬಿಳಿ ಬಟ್ಟೆಗೆ ಸ್ವಲ್ಪ ಸ್ವಲ್ಪವೇ ಕಂದು ಇಳಿಯಿತು. "ನಡುವಿಂದ ಆಚೆಗೆ ಒತ್ತಿದ್ರೆ ಕಲೆ ಊರಗಲ ಆಯ್ತದೆ," ಎಂದು ವಿಮಲಾಕ್ಷಿಯ ಕೈಗೂ ಒಂದು ಉಂಡೆ ಕೊಟ್ಟಳು.

ಪುಟ್ಟಿ ಅಷ್ಟು ಹೊತ್ತಿಗೆ ಅಂಟುವಾಳದ ಬೀಜಗಳ ಕಡೆ ಅಂಬೆಗಾಲಿಟ್ಟಿದ್ದಳು. ವಿಮಲಾಕ್ಷಿ ಚಿಟ್ಟನೆ ಚೀರಿ ಎದ್ದಳು. ಮುನಿಯಕ್ಕ ಬೀಜದ ಮೊರವನ್ನು ಅಟ್ಟಕ್ಕೆ ಎತ್ತಿಟ್ಟು, ಒಂದು ತಪ್ಪಲೆ ಬೋರಲು ಹಾಕಿ ಸೌಟು ಕೊಟ್ಟಳು. ಪುಟ್ಟಿ ಧಡಧಡ ಬಡಿಯತೊಡಗಿದಳು. "ಸದ್ದು ಬರೋಗಂಟ ಮಗು ಐತೆ ಅಂತ ತಿಳ್ಕೊ. ನಿಂತ್ರೆ ತಿರುಗಿ ನೋಡು. ಅಲ್ಲೀಗಂಟ ನಿನ್ ಕಣ್ಣು ಸೀರೆ ಮ್ಯಾಲಿರ್ಲಿ."

ಹುಟ್ಟಿದಾಗಿನಿಂದ ಮಗುವಿನ ಮೇಲಿಂದ ಕಣ್ಣು ತೆಗೆಯದಿದ್ದ ವಿಮಲಾಕ್ಷಿ ಅಂದು ಮೊದಲ ಸಲ ಕಿವಿಯಿಂದ ಮಗುವನ್ನು ಕಾದಳು.

ಮುನಿಯಕ್ಕ ಹಣ ಇಷ್ಟೇ ಎಂದು ಕೇಳುವವಳಲ್ಲ. "ಹಳೇ ಬಿಳಿ ಪಂಚೆ ಇದ್ರೆ ತಗಂಬಾ, ಮೆತ್ತಗಿರ್ಬೇಕು," ಎಂದಿದ್ದಳು. ಮನೆಯಲ್ಲಿ ಹಳೆಯ ಪಂಚೆ ಸಿಗಲಿಲ್ಲ. ಹಳೆಯದಾಗುವ ಲಕ್ಷಣವಿದ್ದ ಒಂದು ಸಿಕ್ಕಿತು. ಗುರುವಾರ ಬೆಳಿಗ್ಗೆ ಮುನಿಯಕ್ಕ ಅದನ್ನು ಅವಳ ಕಣ್ಣೆದುರಿಗೇ ಪರ್ರನೆ ನಾಲ್ಕು ತುಂಡು ಮಾಡಿದಳು. ಅದೇ ಹೊತ್ತಿಗೆ ಸ್ನಾನ ಮುಗಿಸಿದ ಸೇತುರಾಮ ಜಯನಗರದಲ್ಲಿ ಬೀರು ತಡಕಾಡುತ್ತಿದ್ದ.

ಬಿಸಿಲು ತನ್ನ ಕೆಲಸ ಮಾಡುವಷ್ಟು ಹೊತ್ತು ಮಾತಲ್ಲದೆ ಬೇರೆ ಕೆಲಸವಿರಲಿಲ್ಲ. ಮುನಿಯಕ್ಕನ ಬದುಕೆಲ್ಲ ಹಾಗೆ ಸ್ವಲ್ಪ ಸ್ವಲ್ಪವೇ ಜಗಲಿಗೆ ಬಂತು.

ಅವಳು ಅದೇ ಕತ್ರಿಗುಪ್ಪೆಯ ರಾಗಿ ಹೊಲದ ಮನೆಯವಳು. ಹದಿನಾಲ್ಕಕ್ಕೆ ಮದುವೆ. ಗಂಡ ಚಿನ್ನಪ್ಪ ಕಬ್ಬನ್‌ಪೇಟೆಯ ಒಂದು ಬಣ್ಣದ ಮನೆಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ. "ಮದ್ವೆ ದಿನ ಅವನ ಕೈ ಮೊಣಕೈಗಂಟ ಹಸುರು! ಧಾರೆ ಎರೆಯುವಾಗ ನಮ್ಮಪ್ಪನಿಗೆ ಅನುಮಾನ, ಮಗಳನ್ನ ಕೊಡ್ತಿರಾದು ಗಂಡಿಗೋ ಗಿಣಿಗೋ ಅಂತ."

ಹೊಂಗೆ ಮರದ ಕೆಳಗೆ ಬೀಡಿ ಸೇದುತ್ತ ಕೂತಿದ್ದ ಮುದುಕ, "ಗಿಣಿ ಅಂತ ಗೊತ್ತಿದ್ದೇ ಬಂದ್ಲು ಕಣಮ್ಮ, ಈಗ ದೂರ್ತಾಳೆ," ಎಂದ. ಅದೇ ಚಿನ್ನಪ್ಪ.

ಬಣ್ಣದ ಮನೆಯಲ್ಲಿ ಮುನಿಯಕ್ಕನಿಗೂ ಕೆಲಸ ಸಿಕ್ಕಿತು. ಹಸಿ ರೇಷ್ಮೆಯ ಲಡಿಗಳನ್ನು ಹಂಡೆಯಲ್ಲಿ ಬೇಯಿಸಿ ಅದರ ಮೈಯ ಅಂಟು ತೆಗೆಯುವುದು. ಎಷ್ಟು ಬೆಂದರೆ ನಯ, ಎಷ್ಟು ಬೆಂದರೆ ನಾಶ ಎಂಬುದನ್ನು ಇಪ್ಪತ್ತೆರಡು ವರ್ಷ ಹಂಡೆಯ ಮುಂದೆ ನಿಂತು ಕಲಿತಳು. ಆ ಮನೆ ಮುಚ್ಚಿದ ಮೇಲೆ ಗಂಡಹೆಂಡಿರು ಊರಿಗೆ ಬಂದರು. ಅವಳು ಬುಟ್ಟಿಯಲ್ಲಿ ಸೊಪ್ಪು ಹೊತ್ತು ಬಸವನಗುಡಿ ಕಡೆ ಮಾರಹೋಗುತ್ತಿದ್ದಳು.

"ಒಂದು ದಿನ ಒಂದ್ ಮನೇಲಿ ಸೊಪ್ಪು ಅಂತ ಕೂಗ್ತೀನಿ, ಒಳಗೆ ಒಂದೇ ಅಳು. ಮಾರನೇ ದಿನ ಮದ್ವೆ, ಹುಡುಗಿ ಸೀರೆ ಮ್ಯಾಲೆ ದೀಪದ ಎಣ್ಣೆ ಚೆಲ್ಲೈತೆ. ಒಬ್ರು ಬಿಸಿನೀರು ತತ್ತೀನಿ ಅಂತಾರೆ, ಒಬ್ರು ಸೀಗೆಪುಡಿ ಅಂತಾರೆ. ನಾನು ಬುಟ್ಟಿ ಇಳಿಸ್ದೆ. ಯಾರೂ ಮುಟ್ಬ್ಯಾಡಿ, ಅಕ್ಕಿಹಿಟ್ಟು ತನ್ನಿ ಅಂದೆ. ಎಣ್ಣೆ ಮ್ಯಾಲೆ ಹಿಟ್ಟು ಸುರುದು ಒತ್ತಾದು, ಕೊಡವಾದು. ತಿರ್ಗಾ ಸುರಿಯಾದು, ಕೊಡವಾದು. ಸಂಜೆಗಂಟ. ಎಣ್ಣೆ ಎಲ್ಲಾ ಹಿಟ್ಟು ಕುಡೀತು. ನನ್ ಸೊಪ್ಪೆಲ್ಲಾ ಬಾಡೋಯ್ತು."

"ಅಯ್ಯೋ, ಸೊಪ್ಪು?"

"ಅವ್ರೇ ತಗಂಡ್ರು. ಮದ್ವೆ ಮನೇಲಿ ಎರಡ್ ದಿನ ಬಾಡಿದ್ ಸೊಪ್ಪಿನ ಹುಳೀನೇ!"

ಅಲ್ಲಿಂದ ಒಬ್ಬರ ಬಾಯಿಂದ ಒಬ್ಬರಿಗೆ ಮಾತು ಹೋಗಿ ಪೆಟ್ಟಿಗೆ ತಳದ ಸೀರೆಗಳೆಲ್ಲ ಕತ್ರಿಗುಪ್ಪೆಯ ದಾರಿ ಹಿಡಿದವು. ಒಂದು ಸಲ ಕಾರಿನಲ್ಲಿ ಬಂದ ಹೆಂಗಸೊಬ್ಬಳು ಸೀರೆ ಬಿಟ್ಟು ಹೋದವಳು, ವಾಪಸು ತೆಗೆದುಕೊಳ್ಳುವಾಗ ನನ್ನ ಸೀರೆಯ ಅಂಚು ಇಷ್ಟು ಕಿರಿದಿರಲಿಲ್ಲ, ಬದಲಾಯಿಸಿದ್ದೀಯ ಎಂದಳಂತೆ. ಆ ಮಾತು ಹೇಳುವಾಗ ಮಾತ್ರ ಮುನಿಯಕ್ಕನ ಕೈ ನಿಂತಿತು. "ನಾನು ಅಳ್ಳಿಲ್ಲ. ಅದೇ ಸೀರೆ ಉಟ್ಕೊಂಡು ತೆಗೆಸಿರೋ ಫೋಟೊ ಇದ್ರೆ ತಗಂಬನ್ನಿ ಅಂದೆ. ತಂದ್ಲು. ಅಂಚು ಅಷ್ಟೇ ಇತ್ತು. ತಪ್ಪಾಯ್ತು ಅನ್ಲಿಲ್ಲ, ಸೀರೆ ತಗಂಡು ಕಾರ್ ಅತ್ತಿದ್ಲು. ಅವತ್ತಿಂದ ಸೀರೆಯೋರು ಇಲ್ಲೇ ಕೂತ್ಕಬೇಕು. ಅದರಿಂದ ಒಳ್ಳೇದೇ ಆಯ್ತು ಬುಡು. ಇಲ್ದಿದ್ರೆ ನಾನು ಒಬ್ಳೇ ಕೂತು ಯಾರ್ ಕೂಡ ಮಾತಾಡ್ಲಿ? ಈ ಗಿಣಿ ಕೂಡಾನ?"

ಶುಕ್ರವಾರ, ಮೂರನೆಯ ಬೆಳಿಗ್ಗೆ. ಹಾಲಿನ ಕಲೆ ಎಲ್ಲಿತ್ತು ಎಂದು ಹುಡುಕಬೇಕಾಗಿತ್ತು. ಎಂಟೂವರೆಗೆ ಮುನಿಯಕ್ಕ ತೂತಿನ ಬಟ್ಟೆ ಸರಿಸಿ, "ಬಾ ಇಲ್ಲಿ," ಎಂದು ಗಂಡನನ್ನು ಕರೆದಳು. ಕೊನೆಯ ತೀರ್ಪು ಯಾವಾಗಲೂ ಚಿನ್ನಪ್ಪನದು. ಬಣ್ಣದ ಮನೆಯಲ್ಲಿ ಒಂದು ಲಡಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಹಿಡಿಯುತ್ತಿದ್ದ ಕಣ್ಣು ಅದು. ಬೀಡಿ ದೂರ ಎಸೆದು ಬಂದು, ಎರಡು ಕಡೆಯಿಂದ ಬಗ್ಗಿ ನೋಡಿದ.

"ಐತೆ. ಬಾಳೆಹಣ್ಣಿನ ತಿರುಳಿನ ಬಣ್ಣ. ಹುಣಸೆ ಬೀಜದಷ್ಟು."

ವಿಮಲಾಕ್ಷಿಗೂ ಕಂಡಿತು. ಕೆನೆಯ ಮೇಲೆ ಕೆನೆಗಿಂತ ಒಂದಿಷ್ಟೇ ಹಳದಿ. ಕಾಣಲೇಬೇಕು ಎಂದು ನೋಡಿದರೆ ಮಾತ್ರ ಕಾಣುವಂಥದ್ದು. ಆದರೆ ನಾಗಲಕ್ಷ್ಮಮ್ಮ ಹಾಗೆ ನೋಡುವವರೇ.

"ಮುನಿಯಕ್ಕ, ಇನ್ನೊಂದೇ ಒಂದು ದಿನ. ನಾಳೆ ಬೆಳಿಗ್ಗೆ ಬರ್ತೀನಿ, ಸೀರೆ ಸಂಜೆ ಕಳಿಸಿದ್ರೂ ಆಗುತ್ತೆ."

ಮುನಿಯಕ್ಕ ಆ ಜಾಗವನ್ನು ಕೆನ್ನೆಗೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ಇದ್ದು ತಲೆ ಆಡಿಸಿದಳು. "ಬ್ಯಾಡ. ಎಳೆ ಒಣಗ್ತಾ ಐತೆ. ಇನ್ನೊಂದು ಬಿಸಿಲು ಕೊಟ್ರೆ ಕಲೇನೂ ಓಯ್ತದೆ, ಕಲೆ ಕೂತಿರೋ ಬಟ್ಟೆನೂ ಓಯ್ತದೆ. ನಾನು ಮಾಡಾಕಿಲ್ಲ."

ವಿಮಲಾಕ್ಷಿಯ ಕಣ್ಣು ತುಂಬಿತು.

"ಅಳ್ಬ್ಯಾಡ. ನೋಡಿಲ್ಲಿ." ಮುನಿಯಕ್ಕ ಸೀರೆಯನ್ನು ತನ್ನ ಸೊಂಟಕ್ಕೆ ಹಿಡಿದು ನಿರಿಗೆ ಹಿಡಿದಳು. ನಾಲ್ಕನೆಯ ನಿರಿಗೆಯೊಳಕ್ಕೆ ಕಲೆ ಹೋಗಿ ಕೂತಿತು. "ಇಂಗೆ ಉಟ್ರೆ ಯಾರಿಗೂ ಕಾಣಾಕಿಲ್ಲ. ಮೆರವಣಿಗೆ ಓಗ್ಬೋದು."

ವಿಮಲಾಕ್ಷಿಯ ಎದೆ ಹಗುರಾಯಿತು. ಯಾರಿಗೂ ಕಾಣುವುದಿಲ್ಲ! ನಾದಿನಿಗೆ ತಾನೇ ಸೀರೆ ಉಡಿಸುತ್ತೇನೆಂದು ಮುಂದೆ ಬಿದ್ದರಾಯಿತು. ಸೀಮಂತ ಮುಗಿದ ಮೇಲೆ...

"ಆಮೇಲೆ ಯಾರು ಒಗೀತಾರೆ?" ಎಂದಳು ಮುನಿಯಕ್ಕ, ಅವಳ ಮನಸ್ಸಿನ ಬಾಲವನ್ನೇ ಹಿಡಿದವಳಂತೆ.

"ನಮ್ಮತ್ತೆ."

"ಯಾತರಲ್ಲಿ?"

"ರೇಷ್ಮೆಗೆ ಅಂತಲೇ ಒಂದು ಸೋಪು ಇಟ್ಟಿದ್ದಾರೆ."

ಮುನಿಯಕ್ಕ ಸೀರೆ ಮಡಿಸತೊಡಗಿದಳು, ಹಳೆಯ ಗೆರೆಗಳನ್ನು ತಪ್ಪಿಸಿ. "ಅರಿಶಿನ ಒಳಗೆ ಇನ್ನೂ ಐತೆ ಕಣವ್ವ. ಸೋಪು ಬಿದ್ದೇಟ್ಗೆ ತಿರ್ಗಾ ಕೆಂಪಾಯ್ತದೆ. ಆವಮ್ಮ ಬೆದರಿ ಜೋರಾಗಿ ಉಜ್ತಾರೆ. ಅರಿಶಿನದ ಕಲೆ ಅಂತ ಗೊತ್ತಿದ್ರೆ ಸೋಪು ಮುಟ್ಟಾಕಿಲ್ಲ, ಗೊತ್ತಿಲ್ದಿದ್ರೆ ಅಲ್ಲಿಗೆ ಹರೀತು ಸೀರೆ. ನಾನು ಕೇಳ್ದೆ, ನೀನು ಏಳ್ದೆ, ಅದಕ್ಕೇ ಇಷ್ಟಾರ ಆಗಿದ್ದು. ಏಳಾದು ಬುಡಾದು ನಿನ್ ಇಷ್ಟ." ಇಷ್ಟು ಹೇಳಿ ಗಂಟು ಕಟ್ಟಿ ಅವಳ ಕೈಗೆ ಕೊಟ್ಟು, ಗೂಡಿನಿಂದ ಬಳೆ ತೆಗೆದು ಹಾಕಿಕೊಂಡು, ಹೊಸ ಎಲೆಗೆ ಸುಣ್ಣ ಸವರಿದಳು.

ಆಟೋದಲ್ಲಿ ಕೂತಾಗ ವಿಮಲಾಕ್ಷಿ ಮನಸ್ಸಿನಲ್ಲೇ ಹತ್ತು ರೀತಿ ಹೇಳಿ ನೋಡಿದಳು. ಅತ್ತೆಯ ಸೋಪನ್ನೇ ಬಚ್ಚಿಡಬಹುದು. ಸೀಮಂತದ ಗಲಾಟೆಯಲ್ಲಿ ಆದದ್ದು ಎನ್ನಬಹುದು, ಅಂದು ಎಲ್ಲರ ಕೈಯಲ್ಲೂ ಅರಿಶಿನವಿರುತ್ತದೆ. ಬನಶಂಕರಿ ದಾಟುವಷ್ಟರಲ್ಲಿ ಈ ಉಪಾಯ ಬಹಳ ಚೆನ್ನಾಗಿ ಕಂಡಿತು. ಜಯನಗರ ಬರುವಷ್ಟರಲ್ಲಿ, ಬಸುರಿ ನಾದಿನಿಯ ಮೇಲೆ ಹೊರಿಸುವ ಮಾತದು ಎಂದು ಹೊಳೆದು ಮುಖ ಸಿಂಡರಿಸಿದಳು. ಮನೆ ಮುಂದೆ ಇಳಿದವಳು ಮಹಡಿ ಹತ್ತಲಿಲ್ಲ. ಹತ್ತಿದರೆ ಧೈರ್ಯ ಇಳಿದುಹೋದೀತು ಎಂದು ನೇರವಾಗಿ ರೇವಣಸಿದ್ದಪ್ಪನವರ ಬಾಗಿಲಿಗೆ ಹೋದಳು.

"ಅಂಕಲ್, ಒಂದು ಫೋನ್ ಮಾಡ್ಕೋಬಹುದಾ?"

"ಧಾರಾಳವಾಗಿ ಮಾಡಮ್ಮ," ಎಂದು ಅವರು ಪೇಪರು ತೆಗೆದುಕೊಂಡರು.

ಪುಟ್ಟಿಯನ್ನು ನೆಲಕ್ಕೆ ಬಿಟ್ಟು, ಸೀರೆಯ ಗಂಟನ್ನು ಎದೆಗವಚಿಕೊಂಡು, ವಿಮಲಾಕ್ಷಿ ನಂಬರು ತಿರುಗಿಸಿದಳು. ಎರಡನೆಯ ರಿಂಗಿಗೇ ಅತ್ತೆ ಎತ್ತಿದರು.

"ಅತ್ತೆ, ನಾನು. ಮಧ್ಯೆ ಮಾತಾಡಬೇಡಿ, ಆಮೇಲೆ ಹೇಳೋಕಾಗಲ್ಲ ನನಗೆ. ಮಡಿಕೆ ಬದಲಾಯಿಸ್ತಿದ್ದೀನಿ ಅಂದಿದ್ದು ಸುಳ್ಳು. ಹನ್ನೊಂದು ತಿಂಗಳು ಪೆಟ್ಟಿಗೆ ತೆಗೆದಿರಲಿಲ್ಲ. ಪುಟ್ಟಿ ಹಾಲಿನ ಕಲೆ ಆಗಿತ್ತು, ಅರಿಶಿನದ್ದೂ ಆಗಿತ್ತು. ಅರಿಶಿನಕ್ಕೆ ಸೋಪು ಹಾಕಿ ಕೆಂಪು ಮಾಡಿದೆ. ಕತ್ರಿಗುಪ್ಪೇಲಿ ಮುನಿಯಕ್ಕ ಅಂತ ಒಬ್ರು ತೆಗೆದುಕೊಟ್ರು, ಆದ್ರೆ ಪೂರ್ತಿ ಹೋಗಿಲ್ಲ. ಹುಣಸೆ ಬೀಜದಷ್ಟು ಉಳಿದಿದೆ. ದಯವಿಟ್ಟು ಅದಕ್ಕೆ ಸೋಪು ಹಾಕಬೇಡಿ ಅತ್ತೆ. ಅಷ್ಟೇ."

ರೇವಣಸಿದ್ದಪ್ಪನವರು ಪೇಪರನ್ನು ಮುಖದಿಂದ ಕೆಳಗಿಳಿಸಿದ್ದರು.

"ಅಲ್ಲಾ ಕಣೇ," ಎಂದರು ನಾಗಲಕ್ಷ್ಮಮ್ಮ. "ಕಲೆ ಆಗದೆ ಇರುತ್ತಾ ಮಗು ಇರೋ ಮನೇಲಿ? ಅದಕ್ಕಲ್ಲ. ಹನ್ನೊಂದು ತಿಂಗಳು ಒಂದೇ ಮಡಿಕೇಲಿ ಇಟ್ಟಿದ್ದೀಯಲ್ಲ, ಸೀಳಿದ್ರೆ ಯಾವ ಮುನಿಯಕ್ಕ ಹೊಲೀತಿದ್ಲು? ಅದರ ಮೇಲೆ ಬದಲಾಯಿಸಿದೆ ಅಂತ ಬೇರೆ! ಎರಡೆರಡು ಸಲ ಹೇಳಿ ಕೊಟ್ಟಿದ್ನಲ್ಲೇ ನಿನಗೆ!" ಬೈಗುಳ ಪೂರ್ತಿ ಎರಡು ನಿಮಿಷ ನಡೆಯಿತು. ವಿಮಲಾಕ್ಷಿ ಒಂದೊಂದಕ್ಕೂ ಹೂಂ ಎಂದಳು. ಬೈಸಿಕೊಳ್ಳುವುದು ಇಷ್ಟು ಹಗುರವೆಂದು ಗೊತ್ತಿದ್ದರೆ ಸೋಮವಾರವೇ ಬೈಸಿಕೊಳ್ಳುತ್ತಿದ್ದಳು.

ಆಮೇಲೆ ಇದ್ದಕ್ಕಿದ್ದಂತೆ ಅತ್ತೆಯ ದನಿ ತಗ್ಗಿತು. "ಅದಿರಲಿ. ಆ ಯಮ್ಮ ಶಾಯಿ ಕಲೆ ತೆಗೀತಾಳಾ?"

"ಶಾಯಿನಾ ಅತ್ತೆ?"

"ಮೆತ್ತಗೆ ಮಾತಾಡೇ! ಇಲ್ಲಿ ನಿಮ್ಮ ಮಾವ ಕೂತಿದ್ದಾರೆ. ಅವರ ಜರಿ ಪೇಟ. ಹಾಲಿನ ಲೆಕ್ಕ ಬರೀತಾ ಶಾಯಿ ಬಾಟ್ಲಿ ಬೀಳಿಸಿಬಿಟ್ಟೆ ಅದರ ಮೇಲೆ. ಕಳೆದುಹೋಗಿದೆ ಅಂತ ಹೇಳಿದ್ದೀನಿ. ಎಪ್ಪತ್ತೆರಡನೇ ಇಸವಿಯಿಂದ ಹುಡುಕ್ತಾ ಇದ್ದಾರೆ ಪಾಪ."

ನಗು ತಡೆಯಲು ವಿಮಲಾಕ್ಷಿ ಸೀರೆಯ ಗಂಟನ್ನು ಬಾಯಿಗೆ ಒತ್ತಿಕೊಳ್ಳಲು ಹೋಗಿ, ತಟ್ಟನೆ ದೂರ ಹಿಡಿದು, ತನ್ನ ಸೆರಗನ್ನೇ ಒತ್ತಿಕೊಂಡಳು.

"ಸೋಮವಾರ ಹೋಗೋಣ ಅತ್ತೆ. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು."

"ಆರೂವರೆಗೇ ನಿಮ್ಮನೆ ಹತ್ರ ಬರ್ತೀನಿ," ಎಂದು ಪಿಸುಗುಟ್ಟಿದರು ನಾಗಲಕ್ಷ್ಮಮ್ಮ. "ಯಾರಾದ್ರೂ ಕೇಳಿದ್ರೆ ದೇವಸ್ಥಾನಕ್ಕೆ ಅಂತ ಹೇಳೋಣ."